ಕಾಮಠಿ ರಸ್ತೆಯ ನಾಲ್ಕು ಟ್ರಾನ್ಸ್‌ಫಾರ್ಮರ್‌ಗಳು

ಮೆಗ್ಗರ್ ಎಂಬ ಪೆಟ್ಟಿಗೆಯನ್ನು ನಾನು ಮೊದಲು ಮುಟ್ಟಿದ್ದು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವಾಗ. ಅದನ್ನು ಎಷ್ಟು ನಂಬಬೇಕು ಎಂದು ಕಲಿತದ್ದು ಮಾತ್ರ ನಾಗಪುರದಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ, ಒಂದು ಲಾರಿ ಗ್ಯಾರೇಜಿನ ಗುಂಡಿಯೊಳಗೆ ನಿಂತು. ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರಿದ್ದೆವು. ಇನ್ನೊಬ್ಬಳು ಮದುವೆಯಾಯಿತೆಂದು ಓದು ಬಿಟ್ಟಳು. ನಾನು ಮದುವೆಯಾದ ಮೇಲೂ ಬಿಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಇದು ಎಂದು ನಮ್ಮವ್ವ ಬೀಗರ ಮುಂದೆಯೇ ಹೇಳಿದ್ದಳು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಗಂಡ ವಾಯುಪಡೆಯಲ್ಲಿದ್ದರು. ನಾಗಪುರಕ್ಕೆ ವರ್ಗವಾದಾಗ ಕ್ವಾರ್ಟರ್ಸಿನ ಹೆಂಗಸರು ನನಗೆ ಹಪ್ಪಳದ ಗುಂಪಿಗೂ ಹೊಲಿಗೆಯ ಕ್ಲಾಸಿಗೂ ಸೇರು ಎಂದರು. ನಾನು ಗಾಂಧಿಬಾಗ್‌ನ ಗಲ್ಲಿಯೊಂದರಲ್ಲಿದ್ದ ವೈರಿಂಗ್ ಗುತ್ತಿಗೆದಾರರ ಅಂಗಡಿಗೆ ಸೇರಿದೆ. ಕಟ್ಟಡಕ್ಕೆ ಕರೆಂಟು ಬರಬೇಕಾದರೆ ವೈರಿಂಗ್ ಸರಿಯಾಗಿದೆ ಎಂದು ಸೂಪರ್‌ವೈಸರ್ ಪರ್ಮಿಟ್ ಇದ್ದವರೊಬ್ಬರು ಪರೀಕ್ಷೆ ಮಾಡಿ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಕು. ನನ್ನ ಹತ್ತಿರ ಆ ಪರ್ಮಿಟ್ ಇತ್ತು. ಮಾಲೀಕರಿಗೆ ಬೇಕಾಗಿದ್ದದ್ದು ಸಹಿ ಮಾತ್ರ. ಸಹಿಯ ಜೊತೆ ನಾನೂ ಬಂದುಬಿಟ್ಟೆ, ಅದು ಅವರ ಕರ್ಮ.

ಅಂಗಡಿಯಲ್ಲಿ ಕನ್ನಡ ಮಾತಾಡುವ ಇನ್ನೊಬ್ಬರಿದ್ದರು. ಬೆಳಗಾವಿ ಕಡೆಯ ನಿವೃತ್ತ ಸೈನಿಕರು. ಸೈನ್ಯದಲ್ಲಿ ವೈರ್‌ಮನ್ ಆಗಿದ್ದು, ಪಿಂಚಣಿ ಬಂದ ಮೇಲೆ ಊರಿಗೆ ಹೋಗದೆ ನಾಗಪುರದ ಪಕ್ಕದ ಕಾಮಠಿಯಲ್ಲೇ ಮನೆ ಮಾಡಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಮೂವತ್ತು ವರ್ಷ ಹಿಂದಿ ಮರಾಠಿಯ ನಡುವೆ ಬದುಕಿದರೂ ಅವರ ಕನ್ನಡಕ್ಕೆ ಮುಕ್ಕಾಗಿರಲಿಲ್ಲ. ಬೈಯುವಾಗ ಮಾತ್ರ ಮೂರೂ ಭಾಷೆಯನ್ನು ಒಟ್ಟಿಗೆ ಬಳಸುತ್ತಿದ್ದರು.

ಸೇರಿದ ಮೊದಲ ವಾರವೇ ನನ್ನ ಮಾನ ಹೋಯಿತು. ಸದರ್ ಪೇಟೆಯಲ್ಲಿ ಒಂದು ಬೂಟಿನ ಅಂಗಡಿಯ ವೈರಿಂಗ್ ಮುಗಿದಿತ್ತು. ನಾನು ಗತ್ತಿನಿಂದ ಮೆಗ್ಗರ್ ಹಿಡಿದು ಹೋದೆ. ಮೆಗ್ಗರ್ ಎಂದರೆ ಹಿಡಿಕೆ ಇರುವ ಪೆಟ್ಟಿಗೆ. ಅದರ ಎರಡು ತಂತಿಗಳನ್ನು ವೈರಿಂಗಿಗೆ ಕಚ್ಚಿಸಿ ಹಿಡಿಕೆ ತಿರುವಿದರೆ ಒಳಗಿಂದ ಐನೂರು ವೋಲ್ಟ್ ಹೊರಡುತ್ತದೆ. ಎಲ್ಲಿಯೂ ಸೋರದಿದ್ದರೆ ಮುಳ್ಳು ಅನಂತದ ಗುರುತಿಗೆ ಹೋಗಿ ನಿಲ್ಲುತ್ತದೆ, ಎಲ್ಲಾದರೂ ತಂತಿಗೆ ತಂತಿ ತಾಗಿದ್ದರೆ ಸೊನ್ನೆಗೆ ಬೀಳುತ್ತದೆ. ನನ್ನ ಮುಳ್ಳು ಸೊನ್ನೆಗೆ ಬಿತ್ತು. ಶಾರ್ಟ್ ಆಗಿದೆ ಎಂದು ತೀರ್ಪು ಕೊಟ್ಟು, ಪೈಪಿನೊಳಗಿನ ತಂತಿಗಳನ್ನೆಲ್ಲ ಎಳೆಸಿದೆ. ಇಡೀ ದಿನ ಇಬ್ಬರು ವೈರ್‌ಮನ್‌ಗಳು ಬೆವರು ಸುರಿಸಿ ಎಳೆದರು. ತಂತಿಯಲ್ಲಿ ಒಂದು ಗೀರೂ ಇರಲಿಲ್ಲ. ಸಂಜೆ ಕಾಕಾ ಬಂದು ಶೋಕೇಸಿನ ಹಿಂದಿನ ಹಲಗೆ ಬಿಚ್ಚಿ ತೋರಿಸಿದರು. ಪುಟ್ಟ ದೀಪಗಳಿಗೆ ವೋಲ್ಟು ಇಳಿಸಲೆಂದು ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಕೂತಿತ್ತು. ಅದರೊಳಗಿನ ತಾಮ್ರದ ಸುರುಳಿಯೇ ಎರಡು ತಂತಿಗಳನ್ನು ಸೇರಿಸಿಬಿಟ್ಟಿತ್ತು.

“ಇದು ಜೋಡಿಸಿದ್ದಾಗ ಮುಳ್ಳು ಬೀಳಲಾರದ ಏನ್ ಮಾಡತೈತಿ ತಂಗಿ? ಮೊದಲ ಟ್ರಾನ್ಸ್‌ಫಾರ್ಮರ್ ಬಿಡಿಸು, ಆಮ್ಯಾಲ ಹಿಡಿಕಿ ತಿರುವು,” ಎಂದರು.

ವೈರ್‌ಮನ್‌ಗಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅಲ್ಲಿ ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ. ಮರುದಿನದಿಂದ ಎಲ್ಲರೂ ನನ್ನನ್ನು ಕಂಡ ಕೂಡಲೇ “ಬಾಯಿ, ತಂತಿ ಎಳೀಬೇಕೇನು?” ಎಂದು ಬಹಳ ಗೌರವದಿಂದ ಕೇಳತೊಡಗಿದರು.

ಹಾಲಿನಿಂದ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಾನು ಅಲ್ಲಿಂದ ಮುಂದೆ ಎಲ್ಲಿ ಹೋದರೂ ಮೊದಲು ಟ್ರಾನ್ಸ್‌ಫಾರ್ಮರ್ ಹುಡುಕುತ್ತಿದ್ದೆ. ನಾನೇ ಸ್ಕ್ರೂ ಬಿಚ್ಚಿ, ಅದರ ತಂತಿಗಳನ್ನು ಬೇರೆ ಮಾಡಿ, ಟೇಪು ಸುತ್ತಿ, ಪರೀಕ್ಷೆ ಮುಗಿದ ಮೇಲೆ ನಾನೇ ಮತ್ತೆ ಜೋಡಿಸುತ್ತಿದ್ದೆ. ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಆ ನಿಯಮದ ಮೇಲೆ ನನಗೆಷ್ಟು ಅಭಿಮಾನ ಬೆಳೆಯಿತೆಂದರೆ, ಬಿಡಿಸಿಟ್ಟ ಟ್ರಾನ್ಸ್‌ಫಾರ್ಮರನ್ನು ಪರೀಕ್ಷೆ ಮಾಡುವವರು ಯಾರು ಎಂಬ ಪ್ರಶ್ನೆ ಎರಡು ವರ್ಷ ನನ್ನ ತಲೆಗೆ ಬರಲೇ ಇಲ್ಲ.

ಕಾಮಠಿ ರಸ್ತೆಯ ಗ್ಯಾರೇಜು ಹೊಸದು. ಕಿತ್ತಳೆ ಹಣ್ಣು ಸಾಗಿಸುವ ಲಾರಿಗಳ ಮಾಲೀಕರೊಬ್ಬರು ತಮ್ಮ ಲಾರಿಗಳ ದುರಸ್ತಿಗೆಂದೇ ಕಟ್ಟಿಸಿದ್ದು. ನೆಲದಲ್ಲಿ ನಾಲ್ಕು ಉದ್ದನೆಯ ಗುಂಡಿಗಳು. ಲಾರಿ ಮೇಲೆ ನಿಂತರೆ ಮೆಕ್ಯಾನಿಕ್ ಗುಂಡಿಯಲ್ಲಿ ಇಳಿದು ಅದರ ಹೊಟ್ಟೆ ರಿಪೇರಿ ಮಾಡಬೇಕು. ಅಲ್ಲಿ ಆಯಿಲ್ಲು, ನೀರು, ಬೆವರು ಎಲ್ಲ ಇರುತ್ತದೆ, ಮೈ ಗೋಡೆಗೆ ತಾಗಿಯೇ ಇರುತ್ತದೆ. ಮನೆಯ ಇನ್ನೂರಮೂವತ್ತು ವೋಲ್ಟಿನ ದೀಪ ಅಲ್ಲಿ ಹಾಕಿದರೆ ಒಂದು ದಿನ ಹೆಣ ಏಳುತ್ತದೆ. ಅದಕ್ಕೇ ಒಂದೊಂದು ಗುಂಡಿಗೂ ಮೇಲೆ ಒಂದೊಂದು ಟ್ರಾನ್ಸ್‌ಫಾರ್ಮರ್, ಕೆಳಗೆ ಇಪ್ಪತ್ತನಾಲ್ಕು ವೋಲ್ಟಿನ ದೀಪಗಳು. ತಂತಿ ಎಳೆದದ್ದು ಕಾಕಾ. ಪರೀಕ್ಷೆ ಮಾಡಿದ್ದು ನಾನು. ನಾಲ್ಕೂ ಟ್ರಾನ್ಸ್‌ಫಾರ್ಮರ್ ಬಿಡಿಸಿದೆ, ಹಿಡಿಕೆ ತಿರುವಿದೆ, ಮುಳ್ಳು ಅನಂತಕ್ಕೆ ಹೋಯಿತು. ನಾಲ್ಕನ್ನೂ ಮತ್ತೆ ಜೋಡಿಸಿದೆ. ದೀಪದ ಎರಡು ತಂತಿಗಳ ನಡುವೆ ಮೀಟರ್ ಇಟ್ಟು ನೋಡಿದೆ, ಬರೋಬ್ಬರಿ ಇಪ್ಪತ್ತನಾಲ್ಕು. ಸಹಿ ಮಾಡಿದೆ. ಕರೆಂಟು ಬಂತು. ದಸರೆಯ ದಿನ ಮುಹೂರ್ತ ಎಂದು ಗೊತ್ತಾಯಿತು.

ದಸರೆಯ ಹಿಂದಿನ ದಿನ ನಮ್ಮ ಕಡೆ ಖಂಡೇನವಮಿ. ಆ ಹಬ್ಬವನ್ನು ಅಂಗಡಿಯಲ್ಲಿ ಕಾಕಾ ಬಿಡದೆ ಮಾಡುತ್ತಿದ್ದರು. ಬೆಳಗ್ಗೆ ಎಲ್ಲ ಹತಾರಗಳನ್ನೂ ತೊಳೆದು ಒರೆಸಿ ಮಣೆಯ ಮೇಲೆ ಇಟ್ಟು ಚೆಂಡುಹೂವು ಏರಿಸಬೇಕು. ಇಕ್ಕಳ, ಸ್ಕ್ರೂಡ್ರೈವರ್, ಡ್ರಿಲ್ಲು ಎಲ್ಲ ಬಂದವು. ಮೆಗ್ಗರಿಗೆ ನಾನೇ ಕುಂಕುಮ ಹಚ್ಚಿದೆ. ಕಪಾಟಿನ ಮೇಲೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಗ್ಯಾರೇಜಿಗೆ ತಂದವುಗಳಲ್ಲಿ ಉಳಿದದ್ದು, ಐದನೆಯದು. ಅದನ್ನೂ ಮಣೆಗೆ ಇಡೋಣ ಎಂದು ಒಂದೇ ಕೈಯಲ್ಲಿ ಎತ್ತಿದೆ.

ಎತ್ತಿದ ಕೈ ಅಲ್ಲೇ ನಿಂತಿತು. ಅದು ಹಗುರವಾಗಿತ್ತು. ಅಷ್ಟು ದೀಪ ಹೊರುವ ಟ್ರಾನ್ಸ್‌ಫಾರ್ಮರಿಗೆ ಎರಡು ಬೇರೆ ಬೇರೆ ಸುರುಳಿಗಳಿರಬೇಕು, ಒಂದು ಮೇಲಿನಿಂದ ಬರುವ ಇನ್ನೂರಮೂವತ್ತರ ಕರೆಂಟಿಗೆ, ಒಂದು ದೀಪಕ್ಕೆ. ಎರಡರ ತಾಮ್ರವೂ ಸೇರಿ ಎರಡು ಕೈಗೆ ಭಾರವಾಗಬೇಕು. ಇದು ಹುಣಸೆಹಣ್ಣಿನ ಪೊಟ್ಟಣದ ಹಾಗೆ ಬಂದುಬಿಟ್ಟಿತು.

ಕುಂಕುಮ ಹಚ್ಚಿದ ಮೆಗ್ಗರನ್ನೇ ಮಣೆಯಿಂದ ಎತ್ತಿಕೊಂಡೆ. “ಏ ತಂಗಿ, ಪೂಜಾ ಆಗೂತನಾ ಮುಟ್ಟಬ್ಯಾಡ,” ಎಂದು ಕಾಕಾ ಕೂಗಿದರು. ನಾನು ಮೆಗ್ಗರಿನ ಒಂದು ತಂತಿಯನ್ನು ಮೇಲಿನ ಸುರುಳಿಗೂ ಇನ್ನೊಂದನ್ನು ದೀಪದ ಸುರುಳಿಗೂ ಕಚ್ಚಿಸಿ ಹಿಡಿಕೆ ತಿರುವಿದೆ. ಎರಡೂ ಬೇರೆ ಬೇರೆ ಇದ್ದರೆ ಮುಳ್ಳು ಏರಬೇಕು. ಅದು ಸೊನ್ನೆಯಿಂದ ಕದಲಲಿಲ್ಲ. ಅಲ್ಲಿ ಎರಡು ಸುರುಳಿಯೇ ಇರಲಿಲ್ಲ. ಒಂದೇ ಸುರುಳಿ ಸುತ್ತಿ, ನಡುವೆ ಒಂದು ಕಡೆ ತಂತಿ ಹೊರಗೆಳೆದು, ನೋಡುವವರಿಗೆ ನಾಲ್ಕು ತಂತಿ ಕಾಣುವ ಹಾಗೆ ಮಾಡಿದ್ದರು.

“ಕಾಕಾ, ಈ ಐದೂ ಎಲ್ಲಿಂದ ತಂದ್ರಿ?”

“ಇಲ್ಲೇ ಹಿಂದಿನ ಗಲ್ಲಿಯೊಳಗ ಸುರುಳಿ ಸುತ್ತತಾನಲ್ಲ, ಅವನ ಕಡೆಯಿಂದ. ನಮ್ಮ ಮಾಲೀಕರು ಇಪ್ಪತ್ತನಾಲ್ಕು ವೋಲ್ಟಿನವು ಬೇಕು ಅಂದ್ರು, ಅಂವ ಸುತ್ತಿಕೊಟ್ಟ. ಐದೂ ಒಂದ ದಿನದ್ದು. ಯಾಕ, ಏನಾತು?”

ಏನಾಯಿತೆಂದು ಹೇಳುವ ಮೊದಲು ನಾನೇ ನಂಬಬೇಕಾಗಿತ್ತು. ಇಂಥ ಒಂದೇ ಸುರುಳಿಯ ಟ್ರಾನ್ಸ್‌ಫಾರ್ಮರಿನಲ್ಲಿ ದೀಪದ ಎರಡು ತಂತಿಗಳ ನಡುವೆ ಯಾವಾಗಲೂ ಇಪ್ಪತ್ತನಾಲ್ಕೇ ಇರುತ್ತದೆ. ಆದರೆ ಮೇಲಿನ ತಂತಿಗಳು ಅದಲುಬದಲಾದರೆ ಆ ಎರಡೂ ತಂತಿಗಳು ನೆಲದಿಂದ ಇನ್ನೂರರ ಮೇಲೆ ಏರಿ ಕೂತಿರುತ್ತವೆ. ಮಹಡಿಯ ಕೊನೆಯ ಎರಡು ಮೆಟ್ಟಿಲುಗಳ ನಡುವೆ ಒಂದು ಗೇಣೇ ಅಂತರ, ಬಿದ್ದರೆ ಮಾತ್ರ ಇಡೀ ಮಹಡಿ. ನನ್ನ ಮೀಟರು ಮೆಟ್ಟಿಲಿನ ಗೇಣು ಅಳೆದಿತ್ತು. ಗುಂಡಿಯಲ್ಲಿ ಒದ್ದೆ ನೆಲದ ಮೇಲೆ ನಿಂತವನು ಬಲ್ಬು ಬದಲಿಸಲು ಕೈ ಹಾಕಿದರೆ ಅವನಿಗೆ ಸಿಗುವುದು ಮಹಡಿ.

ಇದನ್ನು ಹೇಳಿದಾಗ ಕಾಕಾ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟರು.

“ಹಂಗಂದ್ರ ಆ ಗಂಟು ಅದಕ್ಕ ಹಾಕಿದ್ದ,” ಎಂದರು.

“ಯಾವ ಗಂಟು?”

“ಮ್ಯಾಲಿನ ಎರಡು ತಂತಿಯೊಳಗ ಒಂದಕ್ಕ ಗಂಟು ಹಾಕಿದ್ದ ಅಂವ. ಗಂಟಿದ್ದದ್ದು ಕರಿ ತಂತಿಗೇ ಜೋಡಸ್ರಿ ಅಂತ ಹೇಳಿದ್ದ. ಯಾಕಂತ ನಾ ಕೇಳಲಿಲ್ಲ. ನಾಲ್ಕೂ ಬರೋಬರ್ ಹಂಗೇ ಜೋಡಸೀನಿ.”

ಕಾಕಾ ಜೋಡಿಸಿದ್ದು ಸರಿಯಾಗಿತ್ತು. ಗಂಟಿನ ತಂತಿ ಕಪ್ಪಿಗೆ, ಅಂದರೆ ಮುಟ್ಟಿದರೂ ಹೊಡೆಯದ ನ್ಯೂಟ್ರಲ್ ತಂತಿಗೆ, ಇರುವ ತನಕ ಆ ದೀಪಗಳು ಸಾಧುಗಳೇ. ಆದರೆ ಅದಾದ ಮೇಲೆ ನಾನು ಹೋಗಿದ್ದೆ. ನನ್ನ ಹೆಮ್ಮೆಯ ನಿಯಮದ ಪ್ರಕಾರ ನಾಲ್ಕನ್ನೂ ಬಿಡಿಸಿದ್ದೆ, ನಾಲ್ಕನ್ನೂ ನನ್ನ ಕೈಯಿಂದಲೇ ಮರಳಿ ಜೋಡಿಸಿದ್ದೆ. ಗಂಟುಗಳು ಕಣ್ಣಿಗೆ ಬಿದ್ದದ್ದೂ ನೆನಪಿತ್ತು. ಎಂಥ ಕೊಳಕು ಕೆಲಸ ಎಂದುಕೊಂಡಿದ್ದೆ. ಸರಿಯಾದ ಟ್ರಾನ್ಸ್‌ಫಾರ್ಮರಿಗೆ ಯಾವ ತಂತಿ ಎಲ್ಲಿ ಹೋದರೂ ಒಂದೇ. ಹಾಗಾಗಿ ಕೈಗೆ ಮೊದಲು ಸಿಕ್ಕಿದ್ದನ್ನು ಮೊದಲ ಸ್ಕ್ರೂವಿಗೆ ಕೊಟ್ಟಿದ್ದೆ. ನಾಲ್ಕರಲ್ಲಿ ಯಾವುದು ಹೇಗೆ ಹೋಯಿತೆಂದು ಆ ದೇವರಿಗೇ ಗೊತ್ತು.

ಒಂದು ತಪ್ಪನ್ನು ಹಿಡಿಯದೆ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಅಲ್ಲ, ತಪ್ಪು ಮಾಡಿದವಳೇ ನಾನು. ನನ್ನ ಪರೀಕ್ಷೆ ನಡೆಯದೇ ಹೋಗಿದ್ದರೆ ಆ ಗುಂಡಿಗಳಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ.

ನಮ್ಮ ಅಂಗಡಿಯ ಮಾಲೀಕರು ಪೂಜೆಗೆಂದು ಬಿಳಿ ಜುಬ್ಬಾ ತೊಟ್ಟು ಬಂದರು. ಒಳ್ಳೆಯ ಮನುಷ್ಯರೇ. ಆದರೆ ಕೇಳಿದ ಮೇಲೆ ಮೊದಲು ಮಾಡಿದ ಕೆಲಸ ಅಂಗಡಿಯ ಬಾಗಿಲು ಮುಂದೆ ಮಾಡಿದ್ದು. ಹಿಂದಿಯಲ್ಲಿ ಮೆಲ್ಲಗೆ ಮಾತಾಡಿದರು. “ದೇಖೋ ಬಾಯಿ, ದೀಪ ಉರೀತಾ ಇದೆ. ರಿಪೋರ್ಟ್ ಹೋಗಿದೆ. ನಾಳೆ ಅವರ ಮುಹೂರ್ತ. ಹಬ್ಬ ಮುಗಿದ ಮೇಲೆ ಸದ್ದಿಲ್ಲದೆ ಹೋಗಿ ತಂತಿ ತಿರುಗಿಸಿ ಬಂದರಾಯಿತು. ಈಗ ಹೋಗಿ ಬಾಯಿ ಬಿಟ್ಟರೆ ನನ್ನ ಹೆಸರು ಹಾಳು, ನಿಮ್ಮ ಪರ್ಮಿಟ್ ಹಾಳು.”

“ನಾಳೆ ಗುಂಡಿಗೆ ಜನ ಇಳೀತಾರೆ,” ಎಂದೆ.

“ಒಂದು ದಿನಕ್ಕೆ ಬಲ್ಬು ಯಾರು ಬದಲಿಸ್ತಾರೆ?”

ಹೆದರಿಕೆ ನನಗೂ ಇತ್ತು. ಆ ಪರ್ಮಿಟ್ ತೆಗೆದುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಪರೀಕ್ಷೆಯ ಕೊಠಡಿಯಲ್ಲಿ ಹೆಣ್ಣು ನಾನೊಬ್ಬಳೇ ಇದ್ದೆ, ಕಂಬ ಹತ್ತುತ್ತೀಯಾ ಎಂದು ಕೇಳಿ ನಕ್ಕಿದ್ದರು. ಅದು ಹೋದರೆ ಮತ್ತೆ ಹಪ್ಪಳದ ಗುಂಪೇ ಗತಿ. ಆದರೆ ಒಂದು ದಿನಕ್ಕೆ ಬಲ್ಬು ಯಾರು ಬದಲಿಸುತ್ತಾರೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಅವರ ಬಳಿಯೂ ಇರಲಿಲ್ಲ. ಉತ್ತರ ಗೊತ್ತಿಲ್ಲದ ಕಡೆ ಮನುಷ್ಯರನ್ನು ಇಳಿಸುವುದು ಹೇಗೆ? ಮೆಗ್ಗರನ್ನೂ ಟೆಸ್ಟ್ ಲ್ಯಾಂಪನ್ನೂ ಚೀಲಕ್ಕೆ ಹಾಕಿ ಸೈಕಲ್ಲಿಗೆ ಕಟ್ಟಿದೆ. ಕಾಕಾ ತಮ್ಮ ಸೈಕಲ್ಲನ್ನೂ ಹೊರಗೆ ತಂದರು. ಅರ್ಧಕ್ಕೆ ನಿಂತ ಪೂಜೆಯ ಎದುರು ಮಾಲೀಕರೊಬ್ಬರೇ ಉಳಿದರು.

ದಸರೆಯ ಹಿಂದಿನ ದಿನ ನಾಗಪುರದಲ್ಲಿ ಸೈಕಲ್ ತುಳಿಯುವುದೆಂದರೆ ಹೊಳೆಗೆ ಎದುರು ಈಜಿದ ಹಾಗೆ. ಬಿಳಿ ಬಟ್ಟೆ ತೊಟ್ಟ ಜನ ರೈಲಿನಿಂದ ಬಸ್ಸಿನಿಂದ ಇಳಿದು, ಮಕ್ಕಳನ್ನು ಹೆಗಲಿಗೇರಿಸಿಕೊಂಡು, ಲಕ್ಷಾಂತರ ಜನ ಬೌದ್ಧ ದೀಕ್ಷೆ ಪಡೆದ ದಿನವನ್ನು ನೆನೆಯಲೆಂದು ದೀಕ್ಷಾಭೂಮಿಯ ಕಡೆ ಹೊರಟಿದ್ದರು. ನಾವು ಅವರ ಎದುರಿಗೆ. ಎಷ್ಟೋ ಕಡೆ ಇಳಿದು ಸೈಕಲ್ ತಳ್ಳಬೇಕಾಯಿತು. ಮುಂದೆ ಹೋದ ಕಾಕಾ “ಜರಾ ಬಾಜೂ, ಜರಾ ಬಾಜೂ” ಎನ್ನುತ್ತ ದಾರಿ ಮಾಡಿದರು. ಒಮ್ಮೆ ಮಾತ್ರ ಹಿಂದಕ್ಕೆ ತಿರುಗಿ, “ತಂಗಿ, ಜೋಡಿಸಿದಾಂವ ನಾನ ಅಂತ ಹೇಳ್ತೀನಿ. ನನಗ ಪಿಂಚಣಿ ಐತಿ, ಪರ್ಮಿಟ್ಟಿನ ಹಂಗಿಲ್ಲ,” ಎಂದರು.

“ನೀವು ಸರಿ ಜೋಡಿಸಿದ್ದನ್ನ ತಪ್ಪಂತ ಯಾಕ ಹೇಳ್ತೀರಿ ಕಾಕಾ? ಸುಮ್ನ ನಡೀರಿ,” ಎಂದೆ. ಸಿಟ್ಟಿನಿಂದಲೇ ಎಂದೆ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಗ್ಯಾರೇಜಿನಲ್ಲಿ ಹಬ್ಬದ ಗಲಾಟೆ. ನಾಲ್ಕು ಗುಂಡಿಗಳ ಅಂಚಿಗೂ ಚೆಂಡುಹೂವಿನ ಮಾಲೆ. ಒಂದು ಗುಂಡಿಯೊಳಗೆ ಇಬ್ಬರು ಬರಿಗಾಲಲ್ಲಿ ನಿಂತು ಬಕೆಟ್ಟಿನಿಂದ ನೀರು ಸುರಿದು ತೊಳೆಯುತ್ತಿದ್ದರು. ಗುಂಡಿಯ ದೀಪಗಳೆಲ್ಲ ಉರಿಯುತ್ತಿದ್ದವು. ಯಾರು ಬಲ್ಬು ಮುಟ್ಟುತ್ತಾರೆ ಎಂದು ಕೇಳಿದವರು ಇದನ್ನು ನೋಡಬೇಕಿತ್ತು. ಒಬ್ಬ ಒದ್ದೆ ಬಟ್ಟೆಯಿಂದ ದೀಪದ ಜಾಳಿಗೆಯನ್ನೇ ಒರೆಸುತ್ತಿದ್ದ.

“ಹೊರಗ್ ಬರ್ರಿ! ಬಾಹರ್ ಆವೋ, ಜಲ್ದಿ!” ಎಂದು ಕಿರುಚಿದೆ. ಯಾವ ಭಾಷೆ ಯಾವಾಗ ಬಂತೋ ಗೊತ್ತಿಲ್ಲ. ಅವರು ಹಾವು ಕಂಡವರಂತೆ ಮೇಲೆ ಹಾರಿದರು. ಹೆಡ್ ಮೆಕ್ಯಾನಿಕ್ ಓಡಿ ಬಂದರು. ಗ್ಯಾರೇಜಿನಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಬಿಳಿ ಗಡ್ಡ, ಗ್ರೀಸಿನಿಂದ ಕಪ್ಪಾದ ಉಗುರು, ಮಾತು ಕಡಿಮೆ.

ವೋಲ್ಟು, ಸುರುಳಿ ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ. ಟೆಸ್ಟ್ ಲ್ಯಾಂಪ್ ತೆಗೆದೆ. ಮನೆಯಲ್ಲಿ ಹಾಕುವ ಸಾಧಾರಣ ಬಲ್ಬು, ಎರಡು ತಂತಿ, ಅಷ್ಟೇ. “ಉಸ್ತಾದ್‌ಜಿ, ಈ ಬಲ್ಬು ಇಪ್ಪತ್ತನಾಲ್ಕಕ್ಕೆ ಉರಿಯುವುದಿಲ್ಲ. ಇನ್ನೂರಮೂವತ್ತು ಬೇಕು. ಗುಂಡಿಯ ದೀಪಕ್ಕೂ ನೆಲಕ್ಕೂ ನಡುವೆ ಇದನ್ನು ಹಿಡಿಯುತ್ತೇನೆ. ನೀವು ನೋಡಿ,” ಎಂದೆ. ಒಂದು ತಂತಿಯನ್ನು ಅರ್ಥಿಂಗಿನ ಪೈಪಿಗೆ ಕಟ್ಟಿದೆ. ಇನ್ನೊಂದನ್ನು ಒಣಗಿದ ಹಲಗೆಯ ಮೇಲೆ ಕೂತು, ಇಕ್ಕಳದ ರಬ್ಬರು ಹಿಡಿಯಿಂದ, ಮೊದಲ ಗುಂಡಿಯ ದೀಪದ ತಂತಿಗೆ ಮುಟ್ಟಿಸಿದೆ. ಬಲ್ಬು ಸುಮ್ಮನಿತ್ತು. ಎರಡನೆಯ ಗುಂಡಿಗೆ ಹೋದೆ. ಮುಟ್ಟಿಸಿದ ಕೂಡಲೇ ಬಲ್ಬು ಝಗ್ಗೆಂದು ಉರಿಯಿತು.

ಒದ್ದೆ ಬಟ್ಟೆ ಹಿಡಿದಿದ್ದವನು ಅದನ್ನು ಕೆಳಗೆ ಹಾಕಿ ಕೈಯನ್ನು ಶರ್ಟಿಗೆ ಒರೆಸಿಕೊಂಡ. ಅವನು ತೊಳೆಯುತ್ತಿದ್ದದ್ದು ಮೊದಲ ಗುಂಡಿಯನ್ನು. ಅದು ಮುಗಿದಿದ್ದರೆ ಮುಂದಿನದು ಎರಡನೆಯದು. ಮೂರನೆಯದರಲ್ಲಿ ಬಲ್ಬು ಉರಿಯಲಿಲ್ಲ. ನಾಲ್ಕನೆಯದರಲ್ಲಿ ಮತ್ತೆ ಉರಿಯಿತು. ಉಸ್ತಾದ್ ತಾವೇ ಹೋಗಿ ಮೇನ್ ಸ್ವಿಚ್ ಕೆಳಗೆ ಮಾಡಿದರು.

“ಯಾರು ಜೋಡಿಸಿದ್ದು ಇದನ್ನ?” ಎಂದು ಕೇಳಿದರು.

ಕಾಕಾ ಒಂದು ಹೆಜ್ಜೆ ಮುಂದೆ ಬಂದರು. ನಾನು ಅವರಿಗಿಂತ ಮೊದಲೇ ಬಾಯಿ ತೆರೆದೆ. “ನಾನು. ಇವರು ಸರಿ ಜೋಡಿಸಿದ್ದರು. ಪರೀಕ್ಷೆ ಮಾಡುವಾಗ ಬಿಡಿಸಿ ಉಲ್ಟಾ ಹಾಕಿದ್ದು ನಾನು. ಸರಿ ಇದೆ ಎಂದು ಸಹಿ ಮಾಡಿದ್ದೂ ನಾನೇ.”

ಆ ಮಾತನ್ನು ಹೇಳುವುದು ಎಷ್ಟು ಕಷ್ಟವೆಂದು ಸೈಕಲ್ ಮೇಲೆ ಬರುತ್ತಾ ಲೆಕ್ಕ ಹಾಕಿದ್ದೆ. ಹೇಳಿದ ಮೇಲೆ ಮೈ ಹಗುರಾಗುತ್ತದೆ ಎನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಎಂಟು ಹತ್ತು ಜನ ನನ್ನನ್ನು ನೋಡುತ್ತಿದ್ದರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಅಷ್ಟರಲ್ಲಿ ನಮ್ಮ ಮಾಲೀಕರು ಸ್ಕೂಟರಿನಲ್ಲಿ ಬಂದಿಳಿದರು. ವಿಷಯ ಕೈಮೀರಿದೆ ಎಂದು ತಿಳಿದ ಕೂಡಲೇ ಅವರಿಗೆ ಉಪಾಯ ಹೊಳೆಯಿತು. “ಎರಡು ಗುಂಡಿಯ ತಂತಿ ತಿರುಗಿಸಿದರೆ ಐದು ನಿಮಿಷದ ಕೆಲಸ. ನಾಲ್ಕೂ ಸರಿಯಾಗುತ್ತದೆ. ತಿರುಗಿಸಿ ಬಾಯಿ, ಈ ಬಲ್ಬಿನಿಂದಲೇ ಎಲ್ಲರಿಗೂ ತೋರಿಸಿ. ಮುಹೂರ್ತ ನಡೆಯಲಿ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಂಟಿನ ತಂತಿಯನ್ನು ಕಪ್ಪಿಗೆ ಕೊಟ್ಟರೆ ಬಲ್ಬು ಆರುತ್ತದೆ. ಎಲ್ಲರ ಮುಖದಲ್ಲೂ ಅದೇ ಆಸೆ ಕಾಣುತ್ತಿತ್ತು. ಕಾಕಾ ಕೂಡ ಸ್ಕ್ರೂಡ್ರೈವರ್ ತೆಗೆದು ನನ್ನ ಮುಖ ನೋಡಿದರು. ನಾನು ಏಣಿ ಹಾಕಿಕೊಂಡು ಎರಡನೆಯ ಗುಂಡಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ಹತ್ತಿದೆ. ತಂತಿ ಬಿಚ್ಚಿದೆ. ತಿರುಗಿಸಲಿಲ್ಲ. ಗೋಡೆಗೆ ಹಿಡಿದ ನಾಲ್ಕು ಬೋಲ್ಟುಗಳನ್ನೂ ಬಿಚ್ಚಿ, ಪೆಟ್ಟಿಗೆಯನ್ನೇ ಕಳಚಿ ಕೆಳಗೆ ಕೊಟ್ಟೆ.

“ಏನು ಮಾಡ್ತಾ ಇದ್ದೀರಿ?” ಮಾಲೀಕರ ಧ್ವನಿ ಏರಿತು.

“ಎರಡು ವರ್ಷದ ಮೇಲೆ ಇನ್ನೊಬ್ಬರು ಬರುತ್ತಾರೆ. ಪರೀಕ್ಷೆಗೆಂದು ಬಿಡಿಸುತ್ತಾರೆ. ಗಂಟು ಅವರಿಗೂ ಕಸದ ಹಾಗೆಯೇ ಕಾಣುತ್ತದೆ. ನನಗೆ ಕಂಡಿಲ್ಲವೇ? ಇವು ಇಲ್ಲಿ ಇರಕೂಡದು.”

“ನಾಳೆಯಿಂದ ಅಂಗಡಿಗೆ ಬರಬೇಡಿ,” ಎಂದರು ಮಾಲೀಕರು.

“ಆಯಿತು,” ಎಂದು ಏಣಿಯನ್ನು ಮೂರನೆಯ ಗುಂಡಿಯ ಕಡೆ ಎಳೆದೆ. ಕಾಕಾ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ ಸ್ಪ್ಯಾನರ್ ತೆಗೆದರು. ನಾವಿಬ್ಬರೂ ಸೇರಿ ನಾಲ್ಕನ್ನೂ ಕೆಳಗಿಳಿಸಿದೆವು. ಉಸ್ತಾದ್ ಏಣಿಯನ್ನು ಹಿಡಿದು ನಿಂತಿದ್ದರು, ನಮ್ಮ ಮಾಲೀಕರನ್ನು ಒಮ್ಮೆಯೂ ನೋಡಲಿಲ್ಲ.

ದಸರೆಯ ಮುಹೂರ್ತ ನಿಲ್ಲಲಿಲ್ಲ. ಗುಂಡಿಯ ದೀಪಗಳು ಇಪ್ಪತ್ತನಾಲ್ಕು ವೋಲ್ಟಿನವೇ ಅಲ್ಲವೇ, ಉಸ್ತಾದ್ ಲಾರಿಯ ಎರಡೆರಡು ಬ್ಯಾಟರಿಗಳನ್ನು ಜೋಡಿಸಿ ನಾಲ್ಕೂ ಗುಂಡಿಗಳನ್ನು ಬೆಳಗಿಸಿಬಿಟ್ಟರಂತೆ. ಕಾಕಾ ಹೋಗಿ ನೋಡಿ ಬಂದು ಹೇಳಿದರು. ನಾನು ಮನೆಯಲ್ಲಿದ್ದೆ. ಹಬ್ಬದ ಹೋಳಿಗೆ ಮಾಡಬೇಕಾದ ದಿನ ಕೂತು ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರರ ಕಚೇರಿಗೆ ಕಾಗದ ಬರೆದೆ. ಇಂಥ ಕಟ್ಟಡದ ರಿಪೋರ್ಟಿನಲ್ಲಿ ನನ್ನ ಸಹಿಯನ್ನು ಹಿಂದೆ ತೆಗೆದುಕೊಳ್ಳುತ್ತಿದ್ದೇನೆ, ಕಾರಣ ಇಷ್ಟು, ತಪ್ಪು ನನ್ನದು. ಗಂಡ ಅದನ್ನು ಎರಡು ಸಲ ಓದಿದರು. “ಕಳಿಸೇ ಕಳಿಸ್ತಿಯೇನು?” ಎಂದು ಕೇಳಿದರು. ಕಳಿಸುತ್ತೇನೆ ಎಂದೆ. “ಹಂಗಾದ್ರ ರಿಜಿಸ್ಟರ್ ಪೋಸ್ಟ್ ಮಾಡು, ಇಲ್ಲಾಂದ್ರ ಎಲ್ಲೋ ಬಿದ್ದಿರತೈತಿ,” ಎಂದರು. ಅವರ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಕಚೇರಿಯವರು ಕರೆಸಿದರು, ಬೈದರು, ಬರೆಸಿಕೊಂಡರು. ಪರ್ಮಿಟ್ ಕಿತ್ತುಕೊಳ್ಳಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ನಮ್ಮ ಮಾಲೀಕರೇ ಕ್ವಾರ್ಟರ್ಸಿನ ಗೇಟಿಗೆ ಬಂದರು. ಸರಿಯಾದ ಟ್ರಾನ್ಸ್‌ಫಾರ್ಮರ್‌ಗಳು ಬಂದಿದ್ದವು, ಕಾಕಾ ಜೋಡಿಸಿಯೂ ಆಗಿತ್ತು. ಆದರೆ ಆ ಬಾಯಿ ಬಂದು ನೋಡುವ ತನಕ ಸ್ವಿಚ್ ಹಾಕುವುದಿಲ್ಲ ಎಂದು ಉಸ್ತಾದ್ ಕೂತಿದ್ದರಂತೆ. ಮಾಲೀಕರಿಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. “ಚಲಿಯೇ ಬಾಯಿ,” ಎಂದರು, ಬೇರೆಲ್ಲೋ ನೋಡುತ್ತಾ.

ಆ ದಿನ ನಾನು ಪರೀಕ್ಷೆ ಮಾಡಿದ ಹಾಗೆ ಇಡೀ ನಾಗಪುರದಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಟ್ರಾನ್ಸ್‌ಫಾರ್ಮರ್ ಬಿಡಿಸಿ ತಂತಿಗಳನ್ನು ನೋಡಿದೆ. ಬಿಡಿಸಿದ ಟ್ರಾನ್ಸ್‌ಫಾರ್ಮರನ್ನು ಬೇರೆಯಾಗಿ ನೋಡಿದೆ, ಸುರುಳಿಗೂ ಸುರುಳಿಗೂ ನಡುವೆ, ಸುರುಳಿಗೂ ಕಬ್ಬಿಣಕ್ಕೂ ನಡುವೆ. ನಾಲ್ಕರಲ್ಲೂ ಮುಳ್ಳು ಅನಂತಕ್ಕೆ ಏರಿತು. ಜೋಡಿಸಿ, ಸ್ವಿಚ್ ಹಾಕಿಸಿ, ಟೆಸ್ಟ್ ಲ್ಯಾಂಪನ್ನು ನಾಲ್ಕೂ ಗುಂಡಿಗಳಲ್ಲಿ ಹಿಡಿದೆ. ಎಲ್ಲಿಯೂ ಉರಿಯಲಿಲ್ಲ. ಬೇಕೆಂದೇ ಮೇಲಿನ ತಂತಿಗಳನ್ನು ಉಲ್ಟಾ ಮಾಡಿ ಮತ್ತೆ ನೋಡಿದೆ. ಆಗಲೂ ಉರಿಯಲಿಲ್ಲ. ಹೊಸ ರಿಪೋರ್ಟ್ ಬರೆದು ಸಹಿ ಮಾಡಿ ಉಸ್ತಾದ್ ಕೈಗೆ ಕೊಟ್ಟೆ.

ಅವರು ಅದನ್ನು ತೆಗೆದುಕೊಳ್ಳಲಿಲ್ಲ. “ಬಾಯಿ, ನಿಮ್ಮ ಸಹಿಯ ಕಾಗದ ಮೊದಲೂ ಇತ್ತು,” ಎಂದರು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಅವರ ಹಿಂದೆ ಅವರ ಕೆಳಗಿನ ಮೆಕ್ಯಾನಿಕ್‌ಗಳೆಲ್ಲ ನಿಂತಿದ್ದರು. ಅಂದು ಒದ್ದೆ ಬಟ್ಟೆ ಹಿಡಿದಿದ್ದವನೂ ಇದ್ದ.

ನನಗೆ ಅರ್ಥವಾಯಿತು. ಚಪ್ಪಲಿ ಬಿಟ್ಟೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯ ಗುಂಡಿಗೆ ಇಳಿದೆ. ಕೆಳಗೆ ಆ ಬೆಳಗ್ಗೆ ತೊಳೆದ ನೀರು ಇನ್ನೂ ನಿಂತಿತ್ತು. ಅಲ್ಲೇ ಇದ್ದ ಬಕೆಟ್ಟಿನಲ್ಲಿ ಎರಡೂ ಕೈ ಅದ್ದಿದೆ. ಸ್ವಿಚ್ ಆರಿಸದೆಯೇ ಜಾಳಿಗೆ ತೆಗೆದು ಬಲ್ಬು ಕಳಚಿದೆ. ಮೇಲಿನಿಂದ ಕಾಕಾ “ತಂಗೀ...” ಎಂದು ಕರೆದರು. ನಾಲ್ಕು ಸಲ ಪರೀಕ್ಷೆ ಮಾಡಿದ್ದೆ, ಮುಳ್ಳನ್ನು ಕಣ್ಣಾರೆ ಕಂಡಿದ್ದೆ, ಅಪಾಯವಿಲ್ಲವೆಂದು ಓದಿದ ವಿದ್ಯೆಯೆಲ್ಲ ಹೇಳುತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಎರಡು ವರ್ಷ ನಾನು ಬೇರೆಯವರಿಗೆ ಏನನ್ನು ಸಹಿ ಮಾಡಿ ಕೊಡುತ್ತಿದ್ದೆನೆಂದು ನನಗೆ ಗೊತ್ತಾದದ್ದು ಆಗ.

ಬೆರಳನ್ನು ತಂತಿಯ ತುದಿಗೆ ಇಟ್ಟೆ. ಏನೂ ಆಗಲಿಲ್ಲ. ಇನ್ನೊಂದು ಬೆರಳನ್ನು ಇನ್ನೊಂದು ತುದಿಗೆ ಇಟ್ಟೆ. ಸಣ್ಣಗೆ ಇರುವೆ ಹರಿದಂತಾಯಿತು, ಅಷ್ಟೇ. ಹಾಗೆಯೇ ನಿಂತೆ. ಮೇಲೆ ಯಾರೂ ಸಾಕು ಎನ್ನಲಿಲ್ಲ, ನಾನೂ ತೆಗೆಯಲಿಲ್ಲ. ಆಮೇಲೆ ಅಂದು ದೀಪ ಒರೆಸುತ್ತಿದ್ದವನು ಮೆಟ್ಟಿಲಿಳಿದು ಬಂದ. ನೀರಿನಲ್ಲಿ ನನ್ನ ಪಕ್ಕ ನಿಂತು, ತನ್ನ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ, “ಸರಕೋ ಬಾಯಿ,” ಎಂದ. ನಾನು ಬೆರಳು ತೆಗೆದ ಜಾಗಕ್ಕೆ ಅವನು ತನ್ನ ಬೆರಳಿಟ್ಟ.